ಬಚ್ಚಲ ಗಾಳಿಗೆ ತಾಯಿ ಪದವಿಲ್ಲ

ವಸತಿ ಮಂಡಳಿಯ ಮಾಹಿತಿ ವಿಭಾಗದ ನಿರ್ದೇಶಕರಿಗೆ, ಎಲ್ಲರೂ ಓದಲಿ ಎಂದು ಬರೆದದ್ದು

ಮಾನ್ಯರೇ, ನಿಮ್ಮದೇ ಮಾತಿನಲ್ಲಿ ಹೇಳುವುದಾದರೆ, ತಾಯಿ ಪದಗಳ ಪಾಲಕರೇ,

ನಮ್ಮ ಬ್ಲಾಕಿನ ಮೂರನೇ ಮಹಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸೊಬ್ಬಳು ತನ್ನ ಬಚ್ಚಲಿನಲ್ಲಿ ಉಸಿರು ಕಟ್ಟಿ ಸತ್ತಳು. ಸಾಯುವ ಮೊದಲು ಅವಳು ನಿಮ್ಮ ವಿಕಿಯನ್ನು ಓದಿದ್ದಳು. ಅದೇ ನನ್ನ ದೂರು. ಓದದೆ ಸತ್ತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಯಾರನ್ನು ಹಿಡಿದು ಕೇಳುವುದು? ಆದರೆ ಅವಳು ಕೇಳಿದಳು, ನಿಮ್ಮ ವಿಕಿ ಉತ್ತರ ಕೊಟ್ಟಿತು, ಆ ಉತ್ತರವನ್ನು ನಂಬಿ ಅವಳು ಸಕ್ಕರೆ ನೀರು ಕುಡಿದು ಸ್ನಾನಕ್ಕೆ ಹೋದಳು.

ನಿಮ್ಮ ತನಿಖಾ ವರದಿ ಒಂದೇ ಪುಟದ್ದು. ಅದರಲ್ಲಿ ಹುರುಳಿರುವ ಮಾತು ಎರಡು. ಒಂದು, ಮೃತಳ ಅಜಾಗರೂಕತೆ. ಇನ್ನೊಂದು, "ಈ ಕುರಿತು ಮಂಡಳಿಗೆ ಯಾವುದೇ ಪೂರ್ವ ಮಾಹಿತಿ ಇರಲಿಲ್ಲ." ಮೊದಲನೆಯದು ಸುಳ್ಳು. ಎರಡನೆಯದು ಸುಳ್ಳಿಗಿಂತ ವಿಚಿತ್ರ, ಏಕೆಂದರೆ ನಿಮ್ಮ ಪಾಲಿಗೆ ಅದು ನಿಜ. ಮಾಹಿತಿ ನಿಮ್ಮ ಮನೆಯೊಳಗೇ ಇತ್ತು, ನಿಮ್ಮ ಕಣ್ಣಿಗೆ ಮಾತ್ರ ಬಿದ್ದಿರಲಿಲ್ಲ. ನಾಲ್ಕು ಮನೆಯವರು ನಾಲ್ಕು ಭಾಷೆಗಳಲ್ಲಿ ಒಂದೇ ಸಂಗತಿಯನ್ನು ನಿಮ್ಮ ವಿಕಿಯಲ್ಲಿ ಬರೆದಿಟ್ಟಿದ್ದರು. ನೀವು ಕಟ್ಟಿದ ಟ್ಯಾಗ್ ವ್ಯವಸ್ಥೆ ಆ ನಾಲ್ಕನ್ನೂ ನಾಲ್ಕು ಕಪಾಟಿಗೆ ತುರುಕಿ ಬಾಗಿಲು ಹಾಕಿತ್ತು. ಈಗ ತಿಂಗಳ ಕೊನೆಯೊಳಗೆ ಆ ಕಪಾಟುಗಳನ್ನೇ ಖಾಲಿ ಮಾಡಿಸುವ ಆದೇಶ ಹೊರಡಿಸಿದ್ದೀರಿ. ಅದಕ್ಕೆ ಇಟ್ಟ ಹೆಸರು ‘ಟ್ಯಾಗ್ ಸ್ವಚ್ಛತೆ’. ಇತ್ತ ನಮ್ಮ ಬ್ಲಾಕಿಗೆ ಕೂರಿಸಿದಂಥದೇ ಗಾಳಿಯಾಡದ ಬಚ್ಚಲ ಕಿಟಕಿಗಳನ್ನು ಪಕ್ಕದ ಬ್ಲಾಕುಗಳಿಗೂ ಕೂರಿಸುವ ಕೆಲಸ ಶುರುವಾಗಿದೆ. ಅದಕ್ಕೇ ನನಗೆ ಅವಸರ.

ಓದುಗರಿಗೆ ಮೊದಲು ಒಂದೆರಡು ಮಾತು. ವಿಕಿ, ಟ್ಯಾಗ್ ಎಂದ ಕೂಡಲೇ ಪತ್ರಿಕೆ ಮಡಚಿಡುವವರನ್ನು ನಾನು ಬಲ್ಲೆ. ನನ್ನ ಅಪ್ಪನೇ ಒಬ್ಬ. ಮಂಡಳಿಯ ಬಾಡಿಗೆ ಮನೆಗಳಲ್ಲಿ ಐದು ಭಾಷೆಯ ಜನ ಇದ್ದೇವೆ. ನಲ್ಲಿ ಸೋರಿದರೆ ಏನು ಮಾಡಬೇಕು, ಲಿಫ್ಟ್ ನಡುವೆ ನಿಂತರೆ ಯಾರನ್ನು ಕರೆಯಬೇಕು, ಗೋಡೆಯ ಬೂಷ್ಟು ಹೇಗೆ ಹೋಗುತ್ತದೆ, ಇಂಥದ್ದನ್ನೆಲ್ಲ ಬಾಡಿಗೆದಾರರೇ ಬರೆದು ಬಾಡಿಗೆದಾರರೇ ತಿದ್ದುವ ಒಂದು ಜಾಲತಾಣವನ್ನು ಮಂಡಳಿ ತೆರೆಯಿತು. ಅದೇ ವಿಕಿ. ಯಾರು ಬೇಕಾದರೂ ತಮ್ಮ ಭಾಷೆಯಲ್ಲಿ ಬರೆಯಬಹುದು. ಬರೆದ ಪುಟಕ್ಕೆ ಅಂಟಿಸುವ ಸಣ್ಣ ಚೀಟಿಯೇ ಟ್ಯಾಗ್: ‘ನಲ್ಲಿ’, ‘ಲಿಫ್ಟ್’, ‘ಬೂಷ್ಟು’. ಒಂದೇ ಚೀಟಿಯ ಪುಟಗಳು ಒಟ್ಟಿಗೆ ಕಾಣುತ್ತವೆ. ಚೀಟಿ ಸರಿಯಿದ್ದರೆ ಪುಟ ಸಿಗುತ್ತದೆ, ತಪ್ಪಿದರೆ ಪುಟ ಇದ್ದೂ ಇಲ್ಲದ ಹಾಗೆ. ಇಷ್ಟೇ ಶಾಸ್ತ್ರ.

ಇದನ್ನು ಹೇಳಲು ನೀನು ಯಾರು ಎಂದು ಕೇಳುತ್ತೀರಿ. ಒಮ್ಮೆ ಕೇಳಿಯೂ ಇದ್ದೀರಿ. ನಾನು ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ಬಡತನ ಬಿಡಿಸಲಿಲ್ಲ, ಮೇಷ್ಟ್ರು ಹೊಡೆಯಲಿಲ್ಲ. ಕೂತಲ್ಲಿ ಕೂರಲಾಗಲಿಲ್ಲ, ಎದ್ದು ಬಂದೆ. ಆಮೇಲೆ ಬೇಕರಿ, ಕೊರಿಯರ್, ಝೆರಾಕ್ಸ್ ಅಂಗಡಿ. ಈಗ ಕೆಟ್ಟ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿಯಲ್ಲಿದ್ದೇನೆ. "ಇವಳ ಕಾಲಿಗೆ ಚಕ್ರ ಕಟ್ಟಿದೆ" ಎಂದು ಅಮ್ಮ ಬೈಯುವುದನ್ನು ಕೇಳಿಸಿಕೊಂಡು, ಮೂರನೇ ಮಹಡಿಯ ಹೊಲಿಗೆಯವಳು ನನಗೆ ಚಕ್ರ ಎಂದೇ ಹೆಸರಿಟ್ಟಳು. ನಾವು ಅವಳಿಗಿಟ್ಟ ಹೆಸರು ಗುಂಡಿ ಅಕ್ಕ. ಅವಳ ಬಾಗಿಲ ಮುಂದೆ ಹಾದುಹೋಗುವವರ ಅಂಗಿಯಲ್ಲಿ ಗುಂಡಿ ಕಿತ್ತಿದ್ದರೆ ಹಿಡಿದು ನಿಲ್ಲಿಸಿ, ಮೈಮೇಲಿದ್ದ ಹಾಗೇ ಹೊಲಿದು, ಹಲ್ಲಿನಲ್ಲಿ ದಾರ ಕಡಿದು ಕಳಿಸುತ್ತಿದ್ದಳು.

"ಅಲ್ಲಾಡಬೇಡ ಕಣೇ. ಸೂಜಿ ಹೊಟ್ಟೆಗೆ ಹೊಕ್ಕರೆ ಆ ತೂತನ್ನೂ ನಾನೇ ಹೊಲೀಬೇಕು."

ಐದು ಭಾಷೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಜನ ಆಡುವ ಭಾಷೆ ಅವಳದು. ನನಗೆ ಅದು ಮುಕ್ಕಾಲು ಅರ್ಥವಾಗುತ್ತದೆ, ಕಾಲು ಭಾಗ ಬಾಯಿಗೆ ಬರುತ್ತದೆ. ವಿಕಿ ಬಂದಾಗ ಅವಳಿಗಾದ ಸಂಭ್ರಮ ನೀವು ನೋಡಬೇಕಿತ್ತು. ಹೊಲಿಗೆ ಮೆಷಿನ್ನಿನ ಸದ್ದು ಕೆಳಮನೆಗೆ ಕೇಳದಂತೆ ಅದರ ಕಾಲಿನಡಿ ಹಳೆ ಚಪ್ಪಲಿ ಕತ್ತರಿಸಿ ಇಡಬೇಕು ಎಂದು ಒಂದು ಪುಟ ಬರೆದಳು. ‘ಅಕ್ಕಪಕ್ಕದವರ ನೆಮ್ಮದಿ’ ಎಂಬ ಅರ್ಥದ ಟ್ಯಾಗನ್ನು ತನ್ನ ಮಾತಿನಲ್ಲೇ ಅಂಟಿಸಿದಳು. ಮಾರನೇ ದಿನ ನೋಡಿದರೆ ಪುಟ ಮಾಯ.

"ಚಕ್ರ, ನಾನು ಬರೆದದ್ದು ಎಲ್ಲಿ ಹೋಯ್ತೇ?"

"ಅನಾಥ ಪಟ್ಟೀಲಿದೆ ಅಕ್ಕಾ."

"ಅಯ್ಯೋ, ನಾನಿನ್ನೂ ಗುಂಡುಕಲ್ಲಿನ ಹಾಗೆ ಬದುಕಿದೀನಲ್ಲೇ!"

ಅನಾಥ ಪಟ್ಟಿ ಎಂಬುದು ನನ್ನ ಕೊಂಕಲ್ಲ, ನಿಮ್ಮ ಅಧಿಕೃತ ಹೆಸರು. ನಿಮ್ಮ ನಿಯಮ ಹೀಗಿದೆ: ಪ್ರತಿ ಟ್ಯಾಗಿಗೂ ದೊಡ್ಡ ಭಾಷೆಯಲ್ಲಿ, ಅಂದರೆ ನಿಮ್ಮ ಕಚೇರಿಯ ಭಾಷೆಯಲ್ಲಿ, ಒಂದು ‘ತಾಯಿ ಪದ’ ಇರಬೇಕು. ಉಳಿದ ನಾಲ್ಕು ಭಾಷೆಯ ಪದಗಳು ಅದರ ‘ಮಕ್ಕಳು’. ಮಗು ಮೊದಲು ಹುಟ್ಟಿಬಿಟ್ಟರೆ ತಾಯಿ ಬರುವ ತನಕ ಅನಾಥ ಪಟ್ಟಿಯಲ್ಲಿ ಕೂತಿರಬೇಕು. ಎಲ್ಲಾದರೂ ಕಂಡಿದ್ದೀರಾ ಇಂಥ ಸಂಸಾರ? ಆಮೇಲೆ ನಿಮ್ಮ ಸಹಾಯಕರು ಬಂದು ಪ್ರತಿ ಅನಾಥನ ಮೊದಲ ಸಾಲನ್ನು ಮಾತ್ರ ಅನುವಾದದ ಯಂತ್ರಕ್ಕೆ ಹಾಕಿ, ಯಾವ ತಾಯಿ ಹತ್ತಿರ ಕಂಡಳೋ ಅವಳ ಮಡಿಲಿಗೆ ಹಾಕುತ್ತಾರೆ. ಇದಕ್ಕೆ ‘ದತ್ತು’ ಎಂದು ಹೆಸರು. ಒಂದು ಪುಟಕ್ಕೆ ಒಬ್ಬಳೇ ತಾಯಿ; ಎರಡನೆಯ ಟ್ಯಾಗ್ ಹಾಕುವಂತಿಲ್ಲ. ಗುಂಡಿ ಅಕ್ಕನ ಪುಟದ ಮೊದಲ ಸಾಲಿನಲ್ಲಿ ಚಪ್ಪಲಿ ಇತ್ತು. ಅದನ್ನು ‘ಪಾದರಕ್ಷೆ’ಗೆ ದತ್ತು ಕೊಟ್ಟರು.

ಅವತ್ತು ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮಾನ್ಯರೇ, ನಿಮ್ಮ ಸಾರ್ವಜನಿಕ ಸಲಹಾ ಸಭೆ ನೆನಪಿದೆಯೇ? ನಿಮ್ಮ ಸಭಾಕೊಠಡಿಯ ಏಸಿ ತೊಟ್ಟಿಕ್ಕುತ್ತಿತ್ತು, ಅದರಡಿ ಬಕೆಟ್ ಇಟ್ಟಿದ್ದರು. ನೀರಿನ ಲೋಟಗಳಿಗೆಲ್ಲ ಮುಚ್ಚಳವಿತ್ತು. ನಾನು ಅಂಗಡಿಯಿಂದ ಮೂರು ಡಬ್ಬಿ ತಂದಿದ್ದೆ. "ಏನಮ್ಮ, ತಿಂಡಿ ತಂದಿದ್ದೀಯಾ?" ಎಂದಿರಿ. ಎಲ್ಲರೂ ನಕ್ಕರು. ನಿಮ್ಮ ಸಹಾಯಕರು ನನ್ನನ್ನು ಹೊರಗೆ ಕಳಿಸಲು ಎದ್ದಾಗ ತಡೆದು ಕುರ್ಚಿ ಕೊಡಿಸಿದವರು ಮಾತ್ರ ನೀವೇ. ಅದನ್ನು ಬರೆಯದಿದ್ದರೆ ನನ್ನ ಪತ್ರಕ್ಕೆ ಅರ್ಥವಿಲ್ಲ.

ಡಬ್ಬಿಯ ಕಥೆ ಇದು. ನಮ್ಮ ಅಂಗಡಿಯಲ್ಲಿ ಯಜಮಾನ ಸೇರಿ ನಾಲ್ಕು ಜನ, ನಾಲ್ಕೂ ಜನರ ಮಾತು ಬೇರೆ. ಗೋಡೆಯ ತುಂಬ ಸ್ಕ್ರೂ, ವಾಷರ್, ಸ್ಪ್ರಿಂಗುಗಳ ಡಬ್ಬಿಗಳು. ಮೊದಲು ಯಜಮಾನ ಡಬ್ಬಿಗಳ ಮೇಲೆ ತನ್ನ ಭಾಷೆಯಲ್ಲಿ ಹೆಸರು ಬರೆದಿದ್ದ. ಉಳಿದ ಮೂವರಿಗೆ ಓದಲು ಬರುತ್ತಿರಲಿಲ್ಲ. ಅವನ ಅಕ್ಷರ ಎಷ್ಟು ಚೆಂದವೆಂದರೆ ಅವನಿಗೂ ಓದಲು ಬರುತ್ತಿರಲಿಲ್ಲ. ಕೊನೆಗೆ ಬೇಸತ್ತು, ಒಳಗಿರುವ ಸ್ಕ್ರೂಗಳಲ್ಲೇ ಒಂದನ್ನು ತೆಗೆದು ಮುಚ್ಚಳದ ಮೇಲೆ ಅಂಟಿಸಿಬಿಟ್ಟ. ಅದು ಜಾಣತನವಲ್ಲ, ಸೋಮಾರಿತನ, ಅವನೇ ಹೇಳುತ್ತಾನೆ. ಅವತ್ತಿನಿಂದ ಆ ಸ್ಕ್ರೂವನ್ನು ಒಬ್ಬ ‘ಮೊಂಡ’ ಎನ್ನುತ್ತಾನೆ, ಇನ್ನೊಬ್ಬ ‘ಚಿಕ್ಕಪ್ಪ’ ಎನ್ನುತ್ತಾನೆ. ಯಾರ ಕೈಯೂ ಡಬ್ಬಿ ತಪ್ಪುವುದಿಲ್ಲ.

ನಾನು ಕೇಳಿದ್ದು ಇಷ್ಟೇ. ಟ್ಯಾಗ್ ಎಂದರೆ ಯಾವ ಭಾಷೆಯ ಪದವೂ ಆಗದೆ, ಮುಚ್ಚಳಕ್ಕೆ ಅಂಟಿಸಿದ ಆ ಸ್ಕ್ರೂವಿನಂತಿರಲಿ. ಒಳಗೊಳಗೆ ಅದಕ್ಕೊಂದು ಸಂಖ್ಯೆ ಸಾಕು. ಐದೂ ಭಾಷೆಯವರು ತಮ್ಮ ತಮ್ಮ ಪದವನ್ನು ಅದಕ್ಕೆ ನೇತುಹಾಕಲಿ. ಒಂದು ಭಾಷೆಯಲ್ಲಿ ಎರಡು ಪದ ಇದ್ದರೆ ಎರಡೂ ಇರಲಿ, ಇನ್ನೊಂದರಲ್ಲಿ ಪದವೇ ಇಲ್ಲದಿದ್ದರೆ ಆ ಜಾಗ ಖಾಲಿ ಇರಲಿ. ಒಂದು ಪುಟಕ್ಕೆ ಎಷ್ಟು ಟ್ಯಾಗ್ ಬೇಕೋ ಅಷ್ಟು ಹಾಕಲಿ. ಯಾವ ಸಂಗತಿಯನ್ನು ಯಾರು ಮೊದಲು ಕಂಡರೋ ಅವರು ತಮ್ಮ ಮಾತಿನಲ್ಲೇ ಟ್ಯಾಗ್ ತೆರೆಯಲಿ, ಉಳಿದವರು ಆಮೇಲೆ ಬಂದು ಸೇರಿಕೊಳ್ಳಲಿ. ತಾಯಿಯೂ ಬೇಡ, ಅನಾಥರೂ ಬೇಡ. ಎಲ್ಲರೂ ಅಕ್ಕತಂಗಿಯರು.

"ಎಲ್ಲರೂ ಅಕ್ಕತಂಗಿಯರೇ ಆದ್ರೆ ಮನೆ ನಡೆಸೋರು ಯಾರಮ್ಮ?" ಎಂದಿರಿ.

"ನಮ್ಮನೇಲಿ ಹಾಗೇ ನಡೀತಿದೆ ಸರ್" ಎಂದೆ.

"ಏನು ಓದಿದ್ದೀಯಾ?"

"ಒಂಬತ್ತನೇ ಕ್ಲಾಸು. ಅದೂ ಅರ್ಧ."

"ಹಾಗಾದ್ರೆ ಉಳಿದರ್ಧ ಓದಿಕೊಂಡು ಬಾ. ಆಮೇಲೆ ಮಾತಾಡೋಣ."

ಒಳ್ಳೆಯ ಮಾತು. ಕೊಠಡಿ ಮತ್ತೆ ನಕ್ಕಿತು. ನಾನೂ ನಕ್ಕೆ, ಏಕೆಂದರೆ ಅದು ನಿಜವಾಗಿಯೂ ನಗುವಂಥದ್ದೇ. ಆದರೆ ನಗು ಮುಗಿದ ಮೇಲೆ ನೀವು ಒಂದು ಸರಿಯಾದ ಪ್ರಶ್ನೆ ಕೇಳಿದಿರಿ: ಯಾರು ಬೇಕಾದರೂ ಟ್ಯಾಗ್ ತೆರೆದರೆ ಒಂದೇ ವಿಷಯಕ್ಕೆ ಹತ್ತು ಟ್ಯಾಗ್ ಆಗುವುದಿಲ್ಲವೇ, ಕಸ ತುಂಬುವುದಿಲ್ಲವೇ? ತುಂಬುತ್ತದೆ. ನಮ್ಮ ಅಂಗಡಿಯಲ್ಲೂ ಒಂದೇ ಸ್ಕ್ರೂಗೆ ಎರಡು ಡಬ್ಬಿ ಆಗಿದ್ದುಂಟು. ಗೊತ್ತಾದಾಗ ಒಂದನ್ನು ಇನ್ನೊಂದಕ್ಕೆ ಸುರಿಯುತ್ತೇವೆ, ಮುಗಿಯಿತು. ಆದರೆ ಯಾವುದೋ ಸ್ಕ್ರೂವನ್ನು ಯಾವುದೋ ಡಬ್ಬಿಗೆ ಹಾಕಿ ಮುಚ್ಚಿಟ್ಟರೆ, ಅದು ಅಲ್ಲಿದೆ ಎಂದು ಯಾರಿಗೆ ಹೊಳೆಯುತ್ತದೆ? ಎರಡು ಡಬ್ಬಿ ಇರುವುದು ಸಣ್ಣ ತಪ್ಪು. ತಪ್ಪು ಡಬ್ಬಿಯಲ್ಲಿರುವುದು ದೊಡ್ಡ ತಪ್ಪು. ನೀವು ಸಣ್ಣದಕ್ಕೆ ಹೆದರಿ ದೊಡ್ಡದನ್ನು ನಿಯಮ ಮಾಡಿಕೊಂಡಿರಿ. ಇದನ್ನು ಅವತ್ತೇ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನವರನ್ನು ಕರೆದಿದ್ದರು.

ಆಮೇಲೆ ನಮ್ಮ ಬ್ಲಾಕಿಗೆ ಹೊಸ ಕಿಟಕಿ ಬಂತು. ಮೊದಲು ಬಚ್ಚಲಿನಲ್ಲಿ ಗಾಜಿನ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ ಕಿಟಕಿ ಇತ್ತು. ಧೂಳು ಬರುತ್ತಿತ್ತು, ಚಳಿ ಬರುತ್ತಿತ್ತು, ಒಂದೆರಡು ಪಟ್ಟಿ ಯಾವಾಗಲೂ ಒಡೆದಿರುತ್ತಿತ್ತು; ನಾವೇ ಅದರ ಬಗ್ಗೆ ದೂರು ಕೊಟ್ಟಿದ್ದೆವು. ನೀವು ಅದನ್ನು ಕಿತ್ತು ತೆರೆಯಲು ಬಾರದ ಒಂದೇ ದಪ್ಪ ಗಾಜನ್ನು ಕೂರಿಸಿದಿರಿ, ಅಂಚಿಗೆ ಸುತ್ತಲೂ ರಬ್ಬರ್ ಕಟ್ಟಿದಿರಿ. ನೋಡಲು ಚೆಂದವಾಯಿತು. ಬಚ್ಚಲು ಬೆಚ್ಚಗಾಯಿತು. ನಮ್ಮ ಬ್ಲಾಕಿನ, ಪಕ್ಕದ ಬ್ಲಾಕುಗಳ ಬಚ್ಚಲುಗಳಲ್ಲಿರುವುದು ಗ್ಯಾಸ್ ಗೀಸರ್. ಉರಿಗೆ ಗಾಳಿ ಬೇಕು. ಗಾಳಿ ಸಾಲದಿದ್ದರೆ ಅದೇ ಉರಿ ಒಂದು ವಿಷದ ಅನಿಲವನ್ನು ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಹೊಗೆಯಿಲ್ಲ. ತಲೆ ಸುತ್ತುತ್ತದೆ, ಕಾಲು ಸೋಲುತ್ತದೆ, ಚಿಲಕದವರೆಗೆ ಕೈ ಹೋಗುವುದಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಆಸ್ಪತ್ರೆಯ ಡಾಕ್ಟರ ಬಾಯಿಂದ.

ಗುಂಡಿ ಅಕ್ಕನ ಗಂಡ ಡಿಪೋದಲ್ಲಿ ಬಸ್ ತೊಳೆಯುವವನು. ಮಾತು ಕಡಿಮೆ. ಅವಳನ್ನು ಮಣ್ಣು ಮಾಡಿ ಬಂದು, ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದ. ಮೆಷಿನ್ನಿನ ಮೇಲೆ ತಳದಲ್ಲಿ ಸಕ್ಕರೆ ಉಳಿದ ಲೋಟವೊಂದು ಹಾಗೇ ಇತ್ತು. ಯಾರೋ ಅದನ್ನು ತೆಗೆಯಲು ಹೋದರೆ ಬೇಡವೆಂದು ಕೈ ಮಾಡಿದ.

"ಸ್ನಾನ ಮಾಡಿದಾಗೆಲ್ಲ ತಲೆ ಸುತ್ತುತ್ತೆ ಅಂತಿದ್ಲು" ಎಂದ. "ಡಾಕ್ಟರ್ ಹತ್ರ ಹೋಗು ಅಂದೆ. ಡಾಕ್ಟರ್ ಯಾಕೆ, ನಮ್ಮ ಚಕ್ರನ ವಿಕಿ ಇದೆಯಲ್ಲ ಅಂದ್ಲು. ಅದರಲ್ಲಿ ಅವಳ ಮಾತಲ್ಲೇ ಬರೆದಿತ್ತಂತೆ, ಸ್ನಾನದ ಮುಂಚೆ ಸಕ್ಕರೆ ನೀರು ಕುಡೀಬೇಕು ಅಂತ. ಓದಿದ್ಲು ಕಣಮ್ಮಾ. ಓದಿಯೇ ಒಳಗೆ ಹೋದ್ಲು."

ನಿಮ್ಮ ವರದಿ ಹೇಳುವ ಅಜಾಗರೂಕತೆ ಇದೇ ಅಲ್ಲವೇ? ಮೈ ಸರಿಯಿಲ್ಲ ಎಂದು ಗೊತ್ತಾದಾಗ ಸರ್ಕಾರಿ ಮಂಡಳಿಯ ಜಾಲತಾಣವನ್ನು ತೆರೆದು, ತನ್ನ ಭಾಷೆಯಲ್ಲಿ ಹುಡುಕಿ, ಸಿಕ್ಕಿದ್ದನ್ನು ಪೂರ್ತಿ ಓದಿ, ಅದರಂತೆ ನಡೆದುಕೊಂಡವಳು ಅಜಾಗರೂಕಳು. ಹಾಗಾದರೆ ಜಾಗರೂಕರು ಯಾರು? ನಿಮ್ಮ ವಿಕಿಯನ್ನು ನಂಬದವರೇ?

ಅವತ್ತು ಮನೆಯೊಳಗೆ ಜಾಗ ಸಾಲದೆ ಬ್ಲಾಕಿನವರೆಲ್ಲ ಮೆಟ್ಟಿಲ ಮೇಲೆ ಕೂತಿದ್ದರು. ಡಾಕ್ಟರು ಹೇಳಿದ್ದನ್ನು ನಾನು ಒಂದೊಂದು ಮೆಟ್ಟಿಲಿಗೂ ಒಂದೊಂದು ಭಾಷೆಯಲ್ಲಿ, ಬಂದಷ್ಟು, ಹೇಳುತ್ತ ಇಳಿದೆ. ನೆಲಮಹಡಿಯ ಅಜ್ಜಿ ನನ್ನ ಕೈ ಹಿಡಿದಳು. "ನಂಗೂ ಕಣ್ಣು ಕತ್ತಲೆ ಬಂದಿತ್ತಲ್ಲೇ. ಸೊಸೆ ಸಕ್ಕರೆ ನೀರು ಕುಡಿಸಿದ್ಲು. ಬರೆಸಿ ಹಾಕಿದ್ನಲ್ಲ!" ಅವಳದೂ ಗುಂಡಿ ಅಕ್ಕನದೇ ಭಾಷೆ. ಅವಳ ಮೇಲಿನ ಮೆಟ್ಟಿಲಿನಿಂದ ಗೀಸರ್ ರಿಪೇರಿಯವನು, "ನಾನೂ ಹಾಕಿದ್ದೆ. ಕಿಟಕಿ ಬದಲಾದ್ಮೇಲೆ ಉರಿ ಹಳದಿ ಆಗ್ತಿದೆ, ಬಾಗಿಲು ತೆಗೆದಿಟ್ಟುಕೊಳ್ಳಿ ಅಂತ" ಎಂದ. ನಾಲ್ಕನೇ ಮಹಡಿಯ ನರ್ಸಮ್ಮ ಮುಖ ಮುಚ್ಚಿಕೊಂಡಳು. ಅವಳ ಎರಡೂ ಮಕ್ಕಳು ಸ್ನಾನ ಮಾಡಿ ಬಂದು ವಾಂತಿ ಮಾಡಿದ್ದವು, ಬಚ್ಚಲ ಗಾಳಿಯ ಮೇಲೆ ಅನುಮಾನ ಬಂದು ಅವಳೂ ಬರೆದಿದ್ದಳು. ಮೊದಲು ಲಿಫ್ಟ್ ನಡೆಸುತ್ತಿದ್ದ ಮುದುಕ ಮಾತ್ರ ಜಗಳಕ್ಕೇ ನಿಂತ. "ಕಿಟಕಿ ತೆಗೆಯೋಕೆ ಬರಲ್ಲ, ಉಸಿರುಗಟ್ಟುತ್ತೆ ಅಂತ ನಾನು ಬರೆದಾಗ ನೀವ್ಯಾರೂ ಯಾಕ್ರಪ್ಪ ಓದಲಿಲ್ಲ?"

ಯಾರು ಓದಬೇಕಿತ್ತು ಅಜ್ಜ? ಅವನು ಬರೆದದ್ದು ಅವನ ಭಾಷೆಯಲ್ಲಿ.

ಟೀ ಆರುವುದರೊಳಗೆ ಮೆಟ್ಟಿಲ ಮೇಲೆ ನಾಲ್ಕು ಪುಟಗಳೂ ಒಂದಾದವು. ನಿಮ್ಮ ವ್ಯವಸ್ಥೆಯಲ್ಲಿ ಅವು ಎಲ್ಲಿದ್ದವು ಎಂದು ಆಮೇಲೆ ಹುಡುಕಿದೆ. ಅಜ್ಜಿಯದು ‘ಮನೆಮದ್ದು’ ಎಂಬ ತಾಯಿಯ ಮಡಿಲಲ್ಲಿ. ನರ್ಸಮ್ಮನದು ವಾಂತಿ ಎಂಬ ಮಾತಿನಿಂದಾಗಿ ‘ಮಕ್ಕಳ ಆಹಾರ’ದಲ್ಲಿ. ಲಿಫ್ಟಿನ ಅಜ್ಜನದು ‘ಕಟ್ಟಡದ ಅಂದ’ದಲ್ಲಿ. ರಿಪೇರಿಯವನದು ‘ಅನಧಿಕೃತ ದುರಸ್ತಿ’ಯಲ್ಲಿ, ಆ ಕಪಾಟನ್ನು ಬಾಡಿಗೆದಾರರು ತೆರೆಯುವಂತೆಯೇ ಇಲ್ಲ. ನಾಲ್ವರಲ್ಲಿ ಒಬ್ಬರೂ ಸುಳ್ಳು ಬರೆದಿರಲಿಲ್ಲ. ಅಜ್ಜಿ ಮೈಯಲ್ಲಿ ಆದದ್ದನ್ನು ಬರೆದಳು, ರಿಪೇರಿಯವನು ಉರಿಯಲ್ಲಿ ಕಂಡದ್ದನ್ನು ಬರೆದ, ನರ್ಸಮ್ಮ ಮಕ್ಕಳಿಗಾದದ್ದನ್ನು, ಅಜ್ಜ ಕಿಟಕಿಯನ್ನು. ನಾಲ್ಕೂ ಪುಟಕ್ಕೆ ಸೇರುವ ಒಂದು ಟ್ಯಾಗ್ ಬೇಕಿತ್ತು, ಅಷ್ಟೆ. ಗುಂಡಿ ಅಕ್ಕ ತನ್ನ ಮಾತಿನಲ್ಲಿ ತಲೆಸುತ್ತು ಎಂದು ಹುಡುಕಿದಾಗ ಅಜ್ಜಿಯ ಪುಟದ ಪಕ್ಕದಲ್ಲೇ ರಿಪೇರಿಯವನ ಪುಟವೂ ಕಾಣಬೇಕಿತ್ತು. ಅವನ ಭಾಷೆ ಅವಳಿಗೆ ಓದಲು ಬರುತ್ತಿರಲಿಲ್ಲ, ನಿಜ. ಆದರೆ ಅವನ ಪುಟದಲ್ಲಿ ಹಳದಿ ಉರಿಯ ಫೋಟೋ ಇತ್ತು.

ಆ ಟ್ಯಾಗಿಗೆ ತಾಯಿ ಪದ ಏಕೆ ಇರಲಿಲ್ಲ ಎಂದು ಬಹಳ ಯೋಚಿಸಿದೆ. ದೊಡ್ಡ ಭಾಷೆಯಲ್ಲಿ ಪದಗಳಿಗೆ ಬರವೇ? ಇಲ್ಲ. ಆ ಭಾಷೆಯ ಜನ ಹೆಚ್ಚಾಗಿ ಇರುವುದು ಹೊಸ ಬ್ಲಾಕುಗಳಲ್ಲಿ. ಅಲ್ಲಿ ನೀರು ಕಾಯಿಸುವುದು ಕರೆಂಟಿನಲ್ಲಿ. ಅವರ ಬಚ್ಚಲಿನಲ್ಲಿ ಯಾರಿಗೂ ತಲೆ ಸುತ್ತಲಿಲ್ಲ, ಆದ್ದರಿಂದ ಅವರು ಯಾರೂ ಪುಟ ಬರೆಯಲಿಲ್ಲ, ಆದ್ದರಿಂದ ತಾಯಿ ಪದ ಹುಟ್ಟಲಿಲ್ಲ. ಅವರ ತಪ್ಪೇನೂ ಇಲ್ಲ; ಬೀಳದ ಪೆಟ್ಟಿಗೆ ಯಾರು ಹೆಸರಿಡುತ್ತಾರೆ? ಆದರೆ ನಿಮ್ಮ ನಿಯಮದ ಅರ್ಥ ಏನಾಯಿತು ನೋಡಿ: ದೊಡ್ಡ ಭಾಷೆಯವರಿಗೆ ಆಗದ ಕಷ್ಟ ಈ ವಿಕಿಯಲ್ಲಿ ಕಷ್ಟವೇ ಅಲ್ಲ.

ಮೆಟ್ಟಿಲ ಮೇಲೆ ಕೂತವರೆಲ್ಲ ಸೇರಿ ಒಂದು ಟ್ಯಾಗ್ ಮಾಡಿದೆವು. ‘ಬಚ್ಚಲಲ್ಲಿ ಗಾಳಿ ಸಾಲದು.’ ನಾಲ್ಕು ಭಾಷೆಯಲ್ಲೂ ಪದ ಆರಿಸಿದ್ದು ಅವರೇ, ಜಗಳವಾಡಿಕೊಂಡೇ. ಅಜ್ಜಿ ತನ್ನ ಪದವೇ ಸರಿ ಎಂದಳು, ಅವಳ ಸೊಸೆ ಅದು ಹಳೇ ಕಾಲದ್ದು ಎಂದಳು, ಕೊನೆಗೆ ಎರಡನ್ನೂ ಹಾಕಿದೆವು. ಒತ್ತಿದ ತಕ್ಷಣ ನಿಮ್ಮ ಯಂತ್ರ ಉತ್ತರಿಸಿತು: "ತಾಯಿ ಪದ ಕಂಡುಬಂದಿಲ್ಲ. ಅನಾಥ ಪಟ್ಟಿಗೆ ಸೇರಿಸಲಾಗಿದೆ." ನಾನು ನಿಮ್ಮ ಕಚೇರಿಗೆ ಓಡಿದೆ. ನೀವಿರಲಿಲ್ಲ. ಸಹಾಯಕರಿದ್ದರು.

"ತಾಯಿ ಪದ ಇಲ್ಲದೆ ನಾನೇನ್ ಮಾಡ್ಲಿ ಹೇಳು?"

"ನೀವೇ ಒಂದು ಕೊಡಿ ಸರ್. ಆ ಭಾಷೆ ನಿಮ್ಮದೇ ಅಲ್ವಾ?"

"ಸುಮ್ನೆ ಕೊಡೋಕೆ ಬರಲ್ಲ. ಆ ಭಾಷೇಲಿ ಒಂದಾದ್ರೂ ಪುಟ ಇರಬೇಕು. ನಿಯಮ."

"ಹಾಗಾದ್ರೆ ಆ ಭಾಷೆಯವರು ಯಾರಾದ್ರೂ ಒಬ್ಬರು ಸಾಯೋ ತನಕ ಕಾಯಬೇಕಾ?"

"ನಾಲಿಗೆ ಬಿಗಿ ಹಿಡಿದು ಮಾತಾಡು" ಎಂದರು. ಅವರ ಕಣ್ಣು ಮಾತ್ರ ಮೇಜಿನ ಕಡೆಗಿತ್ತು. ಅವರು ಕೆಟ್ಟವರಲ್ಲ. ಐದು ಭಾಷೆಯಲ್ಲಿ ಎರಡು ಗೊತ್ತಿರುವ ಒಬ್ಬನೇ ಮನುಷ್ಯನಿಗೆ ಐದು ಭಾಷೆಯ ಅನಾಥರನ್ನೆಲ್ಲ ದತ್ತು ಕೊಡುವ ಕೆಲಸ ಹೊರಿಸಿದವರು ನೀವು. ನಾನೇ ನನ್ನ ಹರಕು ದೊಡ್ಡ ಭಾಷೆಯಲ್ಲಿ ಒಂದು ಪುಟ ಬರೆದು ಹಾಕಿದೆ. "ಭಾಷಾ ಗುಣಮಟ್ಟ ಸಾಲದು" ಎಂದು ತಿರುಗಿ ಬಂತು. ನಿಜ, ಸಾಲದು. ಬಚ್ಚಲ ಗಾಳಿಯೂ ಸಾಲದು.

ಈ ಪತ್ರಕ್ಕೆ ‘ಕೊಲೆ’ ಎಂಬ ಪದ ಹಾಕು, ಆಗ ಓದುತ್ತಾರೆ ಎಂದು ಪಕ್ಕದ ಅಂಗಡಿಯವನು ಸಲಹೆ ಕೊಟ್ಟ. ಹಾಕುವುದಿಲ್ಲ. ನೀವು ಯಾರನ್ನೂ ಕೊಲ್ಲಲು ಹೊರಟವರಲ್ಲ. ಟ್ಯಾಗ್ ಸರಿಯಿದ್ದಿದ್ದರೆ ಗುಂಡಿ ಅಕ್ಕ ಬದುಕುತ್ತಿದ್ದಳು ಎಂದು ಆಣೆಯಿಟ್ಟು ಹೇಳಲೂ ನನ್ನಿಂದಾಗದು. ಎಲ್ಲವನ್ನೂ ಓದಿಯೂ, "ಅಯ್ಯೋ ಚಳಿ ಕಣೇ" ಎಂದು ಬಾಗಿಲು ಹಾಕಿಕೊಂಡೇ ಸ್ನಾನ ಮಾಡುವಂಥ ಹೆಂಗಸೇ ಅವಳು. ಆದರೆ ಆಗ ಅದು ಅವಳ ತೀರ್ಮಾನವಾಗಿರುತ್ತಿತ್ತು. ನೀವು ಅವಳಿಗೆ ತೀರ್ಮಾನ ಮಾಡಲು ಬಿಡಲಿಲ್ಲ, ಸಕ್ಕರೆ ನೀರು ಕೊಟ್ಟು ಕಳಿಸಿದಿರಿ.

ಈಗ ಆ ನಾಲ್ಕು ಪುಟ, ಒಂದು ಟ್ಯಾಗ್, ಎಲ್ಲವೂ ನಿಮ್ಮ ಸ್ವಚ್ಛತೆಯ ಸಾಲಿನಲ್ಲಿವೆ. ಅನಾಥ ಟ್ಯಾಗುಗಳನ್ನು ಅಳಿಸಲಾಗುತ್ತದೆ, ಸಣ್ಣ ಭಾಷೆಗಳ ‘ಹೊಂದಾಣಿಕೆಯಾಗದ’ ಪುಟಗಳು ಕಚೇರಿಯ ಸಂಗ್ರಹಕ್ಕೆ ಹೋಗುತ್ತವೆ. ಆಮೇಲೆ ಪಕ್ಕದ ಬ್ಲಾಕಿನಲ್ಲಿ ಇನ್ಯಾರಿಗೋ ತಲೆ ಸುತ್ತಿದಾಗ ಅವರ ಕೈಗೆ ಸಿಗುವುದು ಏನು? ಆಗ ನಿಮ್ಮ ವರದಿಯ ಮಾತು ಅಕ್ಷರಶಃ ನಿಜವಾಗುತ್ತದೆ: ಮಂಡಳಿಗೆ ಯಾವುದೇ ಪೂರ್ವ ಮಾಹಿತಿ ಇರುವುದಿಲ್ಲ.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ಮೊನ್ನೆ ಇನ್ನೊಂದು ಸಂಗತಿಯಾಯಿತು.

ಗುಂಡಿ ಅಕ್ಕನಿಗೆ ಒಬ್ಬಳು ಮಗಳು, ಇನ್ನೂ ಹಲ್ಲು ಬೀಳುವ ವಯಸ್ಸು. ಅಮ್ಮ ಹೋದ ಮೇಲೆ ಆ ಮಗು ಬಚ್ಚಲಿನ ಹೊಸ್ತಿಲು ದಾಟಲು ಒಪ್ಪಲಿಲ್ಲ. ಅವರಪ್ಪ ಡಿಪೋದಿಂದ ಕಬ್ಬಿಣದ ಹಿಡಿಯ ಬ್ರಷ್ಷು ತಂದು, ಮಗಳನ್ನು ಬಾಗಿಲಾಚೆ ನಿಲ್ಲಿಸಿ, ನಿಮ್ಮ ದಪ್ಪ ಗಾಜನ್ನು ಒಡೆದುಹಾಕಿದ. ಚೂರುಗಳನ್ನೆಲ್ಲ ಗುಡಿಸಿ, "ನೋಡು, ಗಾಳಿ ಬರ್ತಿದೆ, ಕೈ ಇಟ್ಟು ನೋಡು" ಎಂದ. ಅವಳು ಕೈ ಇಟ್ಟು ನೋಡಿದಳು. ಆಮೇಲೆ ಸ್ನಾನ ಮಾಡಿದಳು.

ಮಂಡಳಿಯ ಆಸ್ತಿಗೆ ಹಾನಿ ಮಾಡಿದ್ದಕ್ಕೆ ಅವನಿಗೆ ನಿಮ್ಮ ನೋಟಿಸು ಬಂದಿದೆ. ಅವನು ಅದನ್ನು ಓದಿಸಲು ನನ್ನ ಬಳಿ ತಂದ. ಓದಿಸುವ ಅಗತ್ಯವೇ ಇರಲಿಲ್ಲ. ನೋಟಿಸು ಐದೂ ಭಾಷೆಯಲ್ಲಿತ್ತು. ಅವನ ಭಾಷೆಯಲ್ಲೂ, ಆ ಎಲ್ಲಕ್ಕಿಂತ ಸಣ್ಣ ಭಾಷೆಯಲ್ಲೂ, ಒಂದು ಅಕ್ಷರ ತಪ್ಪಿಲ್ಲ. ‘ಬಚ್ಚಲಿನ ಕಿಟಕಿ’ ಎಂಬುದಕ್ಕೆ ಅಜ್ಜಿ ಬಳಸುವ ಪದವೇ ಇತ್ತು. ಅವನನ್ನು ‘ತಾವು’ ಎಂದೇ ಕರೆದಿದ್ದೀರಿ. ಯಂತ್ರದ ಅನುವಾದವಲ್ಲ ಅದು. ಯಾರೋ ಬಲ್ಲವರು ಕೂತು ಬರೆದದ್ದು.

ಅಂದರೆ ನಿಮ್ಮ ಮನೆಯಲ್ಲಿ ನಮ್ಮ ಮಾತು ಬಲ್ಲವರು ಇದ್ದಾರೆ. ನಾವು ಹೇಳಿದ್ದನ್ನು ಕೇಳುವಾಗ ಇರಲಿಲ್ಲ, ನಮಗೆ ಹೇಳುವಾಗ ಇದ್ದರು.

ಹಾಗಾಗಿ ನನ್ನ ಬೇಡಿಕೆ ಈಗ ಚಿಕ್ಕದಾಗಿದೆ. ಆ ನೋಟಿಸು ಬರೆದವರು ಯಾರೋ ಅವರನ್ನು ಕರೆಸಿ. ಸ್ವಚ್ಛತೆಯ ಆದೇಶವನ್ನು ತಡೆಹಿಡಿದು, ಅವರನ್ನು ಅನಾಥ ಪಟ್ಟಿಯ ಮುಂದೆ ಕೂರಿಸಿ. ಅಲ್ಲಿ ‘ಬಚ್ಚಲಲ್ಲಿ ಗಾಳಿ ಸಾಲದು’ ಎಂಬ ಟ್ಯಾಗ್ ಸಿಗುತ್ತದೆ. ಅದಕ್ಕೆ ತಾಯಿಯನ್ನು ಹುಡುಕುವುದು ಬೇಡ. ಇದ್ದ ಹಾಗೆಯೇ ತೆರೆಯಿರಿ, ನಾಲ್ಕೂ ಪುಟಕ್ಕೆ ಅಂಟಿಸಿ, ಐದನೆಯ ಭಾಷೆಯ ಜಾಗ ಖಾಲಿ ಇರಲಿ. ಪಕ್ಕದ ಬ್ಲಾಕಿನವರು ಯಾವ ಮಾತಿನಲ್ಲಿ ಕೇಳಿದರೂ ನಾಲ್ಕೂ ಒಟ್ಟಿಗೆ ಕಾಣಲಿ. ಅದು ಕಾಣುವ ತನಕ ಅಲ್ಲಿ ಒಂದು ಕಿಟಕಿಯನ್ನೂ ಕೂರಿಸಬೇಡಿ. ನಾನು ಕೇಳಿದ ಮುಚ್ಚಳದ ಸ್ಕ್ರೂ ಇಷ್ಟೇ. ಆಮೇಲೆ ಬೇಕಿದ್ದರೆ ಉಳಿದ ಟ್ಯಾಗುಗಳ ಬಗ್ಗೆ ಸಭೆ ಕರೆಯಿರಿ. ಡಬ್ಬಿ ಹಿಡಿದು ಬರುತ್ತೇನೆ, ನಗುವವರು ನಗಲಿ.

ಇಂತಿ,
ನೀವು ಓದಿಕೊಂಡು ಬಾ ಎಂದ ಉಳಿದರ್ಧವನ್ನು ಸಾವಿನ ಮನೆಯ ಮೆಟ್ಟಿಲ ಮೇಲೆ ಓದಿ ಮುಗಿಸಿರುವ,
ಒಂಬತ್ತನೇ ಕ್ಲಾಸಿನ ಚಕ್ರ